ಗಾಜಿನ ಗೂಡಿನಲ್ಲಿ ಜಾಗದ ಲೆಕ್ಕ

ಕುಂಬಾರನ ಆವಿಗೆಯಲ್ಲಿ ಜಾಗ ಪೋಲಾಗುವುದು ಕಡಿಮೆ. ದೊಡ್ಡ ಗಡಿಗೆಯ ಮೇಲೆ ಸಣ್ಣ ಕುಡಿಕೆ, ಎರಡರ ಸಂದಿಯಲ್ಲಿ ಹಣತೆ, ಹೀಗೆ ಒತ್ತಾಗಿ ಪೇರಿಸಿ ಬೆಂಕಿ ಹಾಕಿದರೆ ಸೌದೆಯೂ ಉಳಿಯುತ್ತದೆ. ಹೊಳಪಿನ ಲೇಪವಿಲ್ಲದ ಮಣ್ಣಿನ ಪಾತ್ರೆಗಳು ತಗುಲಿದರೂ ಅಂಟಿಕೊಳ್ಳುವುದಿಲ್ಲ. ಗಾಜಿಗೆ ಈ ಭಾಗ್ಯವಿಲ್ಲ. ಬಿಸಿಯಲ್ಲಿ ಒಂದನ್ನೊಂದು ಮುಟ್ಟಿದ ಗಾಜುಗಳೆಲ್ಲ ಒಂದೇ ಆಗಿಬಿಡುತ್ತವೆ. ಗಾಜು ಬೆಸೆಯುವ ಕಲೆಗೆ ಈ ಗುಣವೇ ಮೂಲ. ಗೂಡು ತುಂಬುವವರ ತಲೆನೋವಿಗೂ ಅದೇ ಮೂಲ.

ಕಲೆಯೇನೋ ಹಳೆಯದು. ಕ್ರಿಸ್ತಪೂರ್ವ ಕಾಲದಲ್ಲೇ ಮೆಡಿಟರೇನಿಯನ್ ತೀರದ ಕುಶಲಕರ್ಮಿಗಳು ಬಣ್ಣದ ಗಾಜಿನ ಕಡ್ಡಿಗಳನ್ನು ಬಿಲ್ಲೆಗಳಾಗಿ ಕತ್ತರಿಸಿ, ಪಕ್ಕಪಕ್ಕದಲ್ಲಿ ಜೋಡಿಸಿ, ಬೆಸೆದು ಬಟ್ಟಲು ಮಾಡುತ್ತಿದ್ದರು. ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ಟೈನ್ ಪ್ರದೇಶದಲ್ಲಿ ಕೊಳವೆಯಿಂದ ಗಾಜು ಊದುವ ವಿದ್ಯೆ ಬಂತು. ಪಾತ್ರೆಗಳು ಬೇಗಬೇಗನೆ ಸಿದ್ಧವಾಗತೊಡಗಿದಾಗ ನಿಧಾನದ ಬೆಸುಗೆ ಹಿಂದೆ ಸರಿಯಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಸಣ್ಣ ವಿದ್ಯುತ್ ಗೂಡುಗಳು ಕಲಾವಿದರ ಕೈಗೆ ಸಿಕ್ಕ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1974ರಲ್ಲಿ ಆರಂಭವಾದ ಬುಲ್ಸ್‌ಐ ಕಂಪನಿ, ಬೆಸೆದರೆ ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿದ ಬಣ್ಣದ ಗಾಜಿನ ಹಾಳೆಗಳನ್ನು ಮುಂದೆ ಮಾರುಕಟ್ಟೆಗೆ ತಂದಿತು.

ಬೆಸುಗೆ ಪೂರ್ತಿಯಾಗುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯಲ್ಲಿ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. 3 ಮಿ.ಮೀ. ಹಾಳೆ ಒಂದೇ ಇದ್ದರೆ ಅಂಚನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದರ ಮೇಲೊಂದು ಎರಡಿದ್ದರೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮೂರಿದ್ದರೆ ಹೊರಕ್ಕೆ ಹರಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗಾಜಿಗೆ ಗೊತ್ತಿಲ್ಲ. ಆದ್ದರಿಂದ ಗೂಡಿನ ಹಲಗೆಯ ಮೇಲೆ ತುಂಡುಗಳನ್ನು ಜೋಡಿಸುವಾಗ ಈಗಿನ ಅಗಲವನ್ನಲ್ಲ, ಕರಗಿದ ಮೇಲಿನ ಅಗಲವನ್ನು ಲೆಕ್ಕ ಹಾಕಬೇಕು. ಎರಡು ಪದರದ ತುಂಡುಗಳ ನಡುವೆ ಬೆರಳಗಲದ ಅಂತರ ಸಾಕು. ಮೂರು ಪದರದವಕ್ಕೆ ಇನ್ನೂ ಹೆಚ್ಚು ಬೇಕು. ಗೋಡೆ, ಬಾಗಿಲುಗಳ ಪಕ್ಕದಲ್ಲಿ ಬಿಸಿ ಒಂದೇ ಸಮನಾಗಿರುವುದಿಲ್ಲ. ಹಾಗಾಗಿ ದೊಡ್ಡ ತಟ್ಟೆ ನಡುವೆ, ಸಣ್ಣ ಪದಕ–ಬಿಲ್ಲೆಗಳು ಮೂಲೆಗಳಲ್ಲಿ ಎಂಬುದು ವಾಡಿಕೆ.

ಮೇಲಿನ ಜಾಗ ಖಾಲಿಯಿದೆಯಲ್ಲ, ಇನ್ನೊಂದು ಹಲಗೆ ಇಡಬಾರದೇಕೆ ಎನಿಸಬಹುದು. ಕಾಯುವ ತಂತಿ ಮುಚ್ಚಳದಲ್ಲಷ್ಟೇ ಇರುವ ಗೂಡಿನಲ್ಲಿ ಮೇಲಿನ ಹಲಗೆ ಕೆಳಗಿನದಕ್ಕೆ ಕೊಡೆ ಹಿಡಿದಂತಾಗುತ್ತದೆ. ಮೇಲೆ ಕರಗಿದಾಗ ಕೆಳಗೆ ಇನ್ನೂ ಅರೆಬೆಂದಿರುತ್ತದೆ. ಪಕ್ಕದ ಗೋಡೆಗಳಲ್ಲೂ ತಂತಿಯಿದ್ದರೆ ಮಾತ್ರ ಎರಡು ಅಂತಸ್ತು ಲಾಭದ ಮಾತು.

ಇಷ್ಟೆಲ್ಲ ಹೊಂದಿಸಿದರೂ ಇನ್ನೊಂದು ಲೆಕ್ಕ ಉಳಿಯುತ್ತದೆ. ಅದು ವೇಳೆಯದು. ಕರಗಿದ ಗಾಜನ್ನು 500 ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಲ್ಲಿಸಿ, ಆಮೇಲೆ ಮೆಲ್ಲಗೆ ತಣಿಸಬೇಕು. ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ದಪ್ಪ ಎರಡುಪಟ್ಟಾದರೆ ತಣಿಸುವ ವೇಗವನ್ನು ಸುಮಾರು ಕಾಲುಭಾಗಕ್ಕೆ ಇಳಿಸಬೇಕು. ಗೂಡಿಗಾದರೋ ಒಮ್ಮೆಗೆ ಒಂದೇ ನಡಿಗೆ. ಮೂಲೆಯಲ್ಲಿ ಜಾಗವಿದೆಯೆಂದು ದಪ್ಪ ಗಟ್ಟಿಯೊಂದನ್ನು ಸೇರಿಸಿದರೆ, ಅದೊಂದಕ್ಕಾಗಿ ತೆಳು ತಟ್ಟೆಗಳೆಲ್ಲ ಗಂಟೆಗಟ್ಟಲೆ ಕಾಯಬೇಕು. ತಟ್ಟೆಗಳ ವೇಗಕ್ಕೇ ಎಲ್ಲವನ್ನೂ ತಣಿಸಿದರೆ ನಷ್ಟ ಬೇರೆ ಬಗೆಯದು. ಗಟ್ಟಿ ಹೊರಬಂದಾಗ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಉಳಿದ ಬಿಗಿತದಿಂದ ದಿನಗಳು ಕಳೆದ ಮೇಲೆ ತಾನಾಗಿ ಸೀಳಬಹುದು. ಅಷ್ಟರಲ್ಲಿ ಅದು ಕೊಂಡವರ ಮನೆ ಸೇರಿದ್ದರೂ ಸೇರಿರುತ್ತದೆ.

ಅದಕ್ಕೇ ಅನುಭವಿಗಳು ಗೂಡು ಹೊತ್ತಿಸುವ ಆತುರ ತೋರುವುದಿಲ್ಲ. ಜೋಡಿಸಿದ ತುಂಡುಗಳನ್ನು ದಪ್ಪಕ್ಕೆ ತಕ್ಕಂತೆ ವಿಂಗಡಿಸಿ ಎತ್ತಿಡುತ್ತಾರೆ. ಒಂದೇ ದಪ್ಪದವು ಹಲಗೆ ತುಂಬುವಷ್ಟಾದ ದಿನ ಗೂಡಿನ ಸ್ವಿಚ್ ಹಾಕುತ್ತಾರೆ.