ಗುಜರಾತ್‌ನಲ್ಲಿ ಜಲಪಾತ ಚಾರಣ: ಅಹಮದಾಬಾದ್, ವಡೋದರಾ, ಸೂರತ್‌ನಿಂದ ಎಲ್ಲಿಗೆ, ಯಾವಾಗ ಹೋಗಬೇಕು?

ಗುಜರಾತ್ ಎಂದರೆ ಕಛ್‌ನ ಬಿಳಿ ಉಪ್ಪಿನ ಬಯಲು, ಗಿರ್‌ನ ಸಿಂಹ, ದ್ವಾರಕೆ, ಸೋಮನಾಥ ನೆನಪಾಗುವುದೇ ಹೆಚ್ಚು. ಆದರೆ ಜೋಗದ ಗುಂಡಿಗೆ ನೀರು ಧುಮುಕಿಸುವ ಸಹ್ಯಾದ್ರಿ ಶ್ರೇಣಿಯ ಉತ್ತರದ ತುದಿ ಇರುವುದು ಗುಜರಾತ್‌ನ ದಕ್ಷಿಣ ಗಡಿಯ ಡಾಂಗ್ ಜಿಲ್ಲೆಯ ಸುತ್ತಮುತ್ತ. ಉದ್ಯೋಗ, ವ್ಯಾಪಾರಕ್ಕಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಳೆಗಾಲದಲ್ಲಿ ಮಲೆನಾಡು ನೆನಪಾದರೆ, ಒಂದೆರಡು ದಿನದ ಬಿಡುವಿನಲ್ಲಿ ನೋಡಿಬರಬಹುದಾದ ಜಲಪಾತಗಳು ಇಲ್ಲೂ ಇವೆ.

ಆದರೆ ಇಲ್ಲಿನ ಜಲಪಾತಗಳ ಸ್ವಭಾವ ತಿಳಿಯದೆ ಹೊರಟರೆ ಎರಡು ರೀತಿಯ ತೊಂದರೆ. ತಡವಾಗಿ ಹೋದರೆ ಬರೀ ಬಂಡೆ ನೋಡಿ ಮರಳಬೇಕು. ಮಳೆ ಜೋರಾಗಿರುವಾಗ ಹೋದರೆ ಜೀವಕ್ಕೇ ಅಪಾಯ.

ಅವಧಿ ಏಕೆ ಚಿಕ್ಕದು?

ಗುಜರಾತ್‌ಗೆ ನೈಋತ್ಯ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ ಮಧ್ಯದಲ್ಲಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದು ಹಿಂದೆ ಸರಿಯತೊಡಗುತ್ತದೆ. ಇಲ್ಲಿನ ಬಹುತೇಕ ಜಲಪಾತಗಳು ಈ ಮಳೆಯನ್ನೇ ನಂಬಿವೆ. ಚಳಿಗಾಲದ ಹೊತ್ತಿಗೆ ನೀರು ದಾರದಷ್ಟಾಗುತ್ತದೆ, ಬೇಸಿಗೆಯಲ್ಲಿ ಹಲವು ಬತ್ತಿಯೇ ಹೋಗುತ್ತವೆ.

ಡಾಂಗ್ ಮತ್ತು ನರ್ಮದಾ ಜಿಲ್ಲೆಗಳ ಬೆಟ್ಟಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು, ಪದರ ಪದರವಾಗಿ ಗಟ್ಟಿಯಾದ ಬಸಾಲ್ಟ್ ಶಿಲೆಯವು. ಈ ಪದರಗಳು ಸವೆದು ಮೆಟ್ಟಿಲಿನಂತೆ ನಿಂತಿರುವುದರಿಂದಲೇ ಜಲಪಾತಗಳು ಹುಟ್ಟಿವೆ. ಕಡಿದಾದ ಬೆಟ್ಟ, ತೆಳುವಾದ ಮಣ್ಣು ಇರುವ ಕಡೆ ಬಿದ್ದ ಮಳೆ ನಿಲ್ಲದೆ ಹಳ್ಳಕ್ಕೆ ಓಡುತ್ತದೆ. ಹೀಗಾಗಿ ಜೋರು ಮಳೆಯಾದ ಕೆಲವೇ ಗಂಟೆಗಳಲ್ಲಿ ಹಳ್ಳ ಉಕ್ಕುತ್ತದೆ, ಮಳೆ ನಿಂತರೆ ಅಷ್ಟೇ ಬೇಗ ಇಳಿಯುತ್ತದೆ.

ಇದರಿಂದ ಸಿಗುವ ಲೆಕ್ಕ ಸರಳ. ಜಲಪಾತ ತುಂಬಿ ಭೋರ್ಗರೆಯುವ ದಿನ ಹೋಗುವುದು ಬೇಡ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿಯಲ್ಲಿ, ಒಳ್ಳೆಯ ಮಳೆಯಾಗಿ ಒಂದೆರಡು ದಿನ ಬಿಡುವು ಕೊಟ್ಟ ಮೇಲೆ ಹೊರಡುವುದು ಉತ್ತಮ. ಆಗ ನೀರೂ ಇರುತ್ತದೆ, ದಾರಿಯೂ ಕಾಣುತ್ತದೆ.

ಯಾವ ಊರಿನಿಂದ ಎಲ್ಲಿಗೆ?

ಸೂರತ್: ಮೂರು ನಗರಗಳಲ್ಲಿ ಡಾಂಗ್‌ಗೆ ಹತ್ತಿರ ಇರುವುದು ಇದೇ. ವಘಾಯಿ ಪಟ್ಟಣದ ಬಳಿ ಅಂಬಿಕಾ ನದಿಯ ಗಿರಾ ಜಲಪಾತವಿದೆ. ಎತ್ತರಕ್ಕಿಂತ ಅಗಲವೇ ಇದರ ಸೊಬಗು. ರಸ್ತೆಯಿಂದ ಹೆಚ್ಚು ನಡೆಯಬೇಕಿಲ್ಲವಾದ್ದರಿಂದ ಹಿರಿಯರು, ಮಕ್ಕಳು ಜೊತೆಗಿದ್ದರೆ ಅನುಕೂಲ. ಸುಬೀರ್ ತಾಲ್ಲೂಕಿನ ಗಿರಮಾಳ್ ಜಲಪಾತ ಸುಮಾರು 100 ಅಡಿ ಎತ್ತರದಿಂದ ಬೀಳುತ್ತದೆ. ಹೆಸರು ಹತ್ತಿರವಿದ್ದರೂ ಇವೆರಡೂ ಬೇರೆ ಬೇರೆ ಜಾಗಗಳು. ಮ್ಯಾಪ್‌ನಲ್ಲಿ ಹುಡುಕುವಾಗ ಗಮನವಿರಲಿ. ಬಿಲಿಮೋರಾದಿಂದ ವಘಾಯಿವರೆಗೆ ಬರೋಡಾದ ಗಾಯಕವಾಡರ ಕಾಲದಲ್ಲಿ, 1913ರಲ್ಲಿ ಶುರುವಾದ 63 ಕಿ.ಮೀ. ನ್ಯಾರೋಗೇಜ್ ರೈಲು ಮಾರ್ಗವೂ ಇದೆ. ಅದರಲ್ಲಿ ಹೋಗುವ ಆಸೆಯಿದ್ದರೆ ರೈಲು ಓಡುತ್ತಿದೆಯೇ, ವೇಳೆ ಯಾವುದು ಎಂದು ಮೊದಲೇ ವಿಚಾರಿಸಿ.

ವಡೋದರಾ: ಏಕತಾ ನಗರಕ್ಕೆ, ಅಂದರೆ ಹಿಂದಿನ ಕೇವಡಿಯಾಕ್ಕೆ, ಸುಮಾರು 90 ಕಿ.ಮೀ. ಅಲ್ಲಿಂದ ಸ್ವಲ್ಪ ದೂರದಲ್ಲಿ ಶೂಲ್ಪಾಣೇಶ್ವರ ಅಭಯಾರಣ್ಯದ ಝರ್ವಾಣಿ ಜಲಪಾತ ಸಿಗುತ್ತದೆ. ಡೇಡಿಯಾಪಾಡಾ ಕಡೆಗೆ ಹೋದರೆ ಸಾತ್ಪುರ ಬೆಟ್ಟಗಳ ನಡುವೆ ನಿನಾಯಿ ಜಲಪಾತವಿದ್ದು, ಸೂರತ್‌ನವರಿಗೂ ಅನುಕೂಲ. ಜಾಂಬುಘೋಡಾ ಕಾಡಿನ ಹತ್ತಿರ ಹಾಥಣಿ ಮಾತಾ ಜಲಪಾತವಿದೆ. ಇಲ್ಲಿ ದೇವಿಯ ಗುಡಿಯೂ ಇರುವುದರಿಂದ ರಜೆಯ ದಿನಗಳಲ್ಲಿ ಜನ ಹೆಚ್ಚು.

ಅಹಮದಾಬಾದ್: ಹತ್ತಿರವಿರುವುದು ಬಾಯಡ್ ಬಳಿ ವಾತ್ರಕ್ ನದಿಯ ಝಾಂಝರಿ. ಸ್ನಾನಕ್ಕೆ ಇಳಿದ ಯುವಕರು ಮುಳುಗಿ ಸತ್ತ ಪ್ರಕರಣಗಳು ಇಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಬಂಡೆಗಳ ನಡುವಿನ ಗುಂಡಿಗಳ ಆಳ ಮೇಲಿನಿಂದ ಗೊತ್ತಾಗುವುದಿಲ್ಲ. ದಡದಿಂದಲೇ ನೋಡಿ ಬರುವುದು ಒಳ್ಳೆಯದು. ಡಾಂಗ್ ಸುಮಾರು 400 ಕಿ.ಮೀ. ದೂರವಿರುವುದರಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಸಾಪುತಾರಾ ಅಥವಾ ಆಹ್ವಾದಲ್ಲಿ ಕನಿಷ್ಠ ಒಂದು ರಾತ್ರಿ ಉಳಿಯಿರಿ.

ಮಳೆ ಇಲ್ಲದಿದ್ದರೂ ನೆರೆ ಬರಬಹುದು

ಜಲಪಾತಗಳ ಬಳಿ ಜನ ಮೋಸಹೋಗುವುದು ಇಲ್ಲಿಯೇ. ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿದ್ದರೆ ನೀರು ದಿಢೀರನೆ ಏರುತ್ತದೆ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದ ಭೂಶಿ ಅಣೆಕಟ್ಟಿನ ಬಳಿ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋಗಿದ್ದರು. ನೀರಿನ ಮಧ್ಯೆ ಬಂಡೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ಅವರ ವಿಡಿಯೊವನ್ನು ದೇಶವೇ ನೋಡಿತ್ತು. 2023ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಅಂಚಿನಲ್ಲಿ ನಿಂತಿದ್ದ ಯುವಕ ಕಾಲು ಜಾರಿ ನೀರುಪಾಲಾಗಿದ್ದು ಕನ್ನಡಿಗರಿಗೆ ನೆನಪಿರಬಹುದು.

ತಿಳಿಯಾಗಿದ್ದ ನೀರು ಕೆಂಪಾದರೆ, ಎಲೆ, ಕಡ್ಡಿ ತೇಲಿ ಬರತೊಡಗಿದರೆ, ಮೇಲಿನಿಂದ ಬರುವ ಸದ್ದು ಬದಲಾದರೆ ತಡಮಾಡದೆ ದಡ ಹತ್ತಿ ಎತ್ತರಕ್ಕೆ ಹೋಗಿ. ಚಪ್ಪಲಿ, ಬ್ಯಾಗ್, ಮೊಬೈಲ್ ಎತ್ತಿಕೊಳ್ಳಲು ಹಿಂದಿರುಗಬೇಡಿ. ರಭಸದ ನೀರು ಆರು ಇಂಚು ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತದೆ. ಒಂದು ಅಡಿ ನೀರು ಚಿಕ್ಕ ಕಾರನ್ನೇ ತೇಲಿಸಬಲ್ಲದು. ನೀರು ಹರಿಯುತ್ತಿರುವ ಸೇತುವೆಯನ್ನು ದಾಟುವ ಸಾಹಸವೂ ಬೇಡ.

ಹೊರಡುವ ಮುನ್ನ

* ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಜಲಪಾತ ಇರುವ ಜಿಲ್ಲೆಗೆ ಮಾತ್ರವಲ್ಲ, ನದಿ ಹರಿದುಬರುವ ಜಿಲ್ಲೆಗೂ ನೋಡಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದೂಡಿ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್ ಇದೆ.

* ಅಭಯಾರಣ್ಯದೊಳಗಿನ ಜಲಪಾತಗಳಿಗೆ ಪ್ರವೇಶ ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ. ಮಳೆಗಾಲದಲ್ಲಿ ಏಕಾಏಕಿ ಮುಚ್ಚುವುದುಂಟು. ಡಾಂಗ್ ಜಿಲ್ಲಾಡಳಿತ 2021ರ ಜೂನ್‌ನಲ್ಲಿ ಪ್ರವಾಸಿ ತಾಣಗಳಲ್ಲಿ ಸೆಲ್ಫಿಯನ್ನೇ ನಿಷೇಧಿಸಿತ್ತು.

* ಬೆಳಗ್ಗೆ 10ರೊಳಗೆ ತಲುಪಿ, ಮಧ್ಯಾಹ್ನ 3ರ ಹೊತ್ತಿಗೆ ಹೊರಡಿ. ಘಾಟಿ ರಸ್ತೆಯಲ್ಲಿ ಮಂಜು, ಮಳೆ, ಕತ್ತಲೆ ಒಟ್ಟಿಗೆ ಸೇರಿದರೆ ವಾಹನ ಓಡಿಸುವುದು ಕಷ್ಟ.

* ಶ್ರಾವಣದ ಸಾತಮ್-ಆಠಮ್, ಅಂದರೆ ಜನ್ಮಾಷ್ಟಮಿ ಆಸುಪಾಸಿನ ರಜೆಯಲ್ಲಿ ಗುಜರಾತಿಗರೆಲ್ಲ ಪ್ರವಾಸ ಹೊರಡುತ್ತಾರೆ. ವಾರದ ಮಧ್ಯೆ ಹೋದರೆ ನೆಮ್ಮದಿ.

* ಕಾಡಿನೊಳಗೆ ಮೊಬೈಲ್ ನೆಟ್‌ವರ್ಕ್ ಸಿಗದಿರಬಹುದು. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಮರಳುತ್ತೀರಿ ಎಂದು ಮನೆಯವರಿಗೆ ತಿಳಿಸಿ. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108.

* ದಕ್ಷಿಣ ಗುಜರಾತ್‌ನಲ್ಲಿ ಮಳೆಗಾಲದಲ್ಲಿ ಇಲಿಜ್ವರ ಕಾಣಿಸಿಕೊಳ್ಳುತ್ತದೆ. ಕಾಲಿಗೆ ಗಾಯವಿದ್ದರೆ ಕೆಸರು, ನಿಂತ ನೀರಿಗೆ ಇಳಿಯಬೇಡಿ. ಮರಳಿದ ಕೆಲ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ, ನೀರಿಗೆ ಇಳಿದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

* ದಾರಿಯ ಬಗ್ಗೆ ಅನುಮಾನವಿದ್ದರೆ ಊರಿನವರನ್ನು ಕೇಳಿ, ಸಾಧ್ಯವಾದರೆ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇವತ್ತು ಹಳ್ಳ ದಾಟಬಹುದೇ ಎಂಬುದು ಮ್ಯಾಪ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ಬೇಡ ಎಂದರೆ ಅಲ್ಲಿಂದಲೇ ಹಿಂದಿರುಗಿ.