ಸೊಲ್ಲು ಎತ್ತಿಕೊಳ್ಳುವವರಿದ್ದರೆ ಹಾಡು

ಚಳ್ಳಕೆರೆ ಸೀಮೆಯ ಜನಪದ ಗಾಯನದ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಸಿರಿಯಜ್ಜಿ. ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಕಾಡುಗೊಲ್ಲ ಹೆಣ್ಣುಮಗಳು ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಮುಪ್ಪಿನವರೆಗೂ ಹಾಡಿದರು. ಈಕೆಯ ಹಾಡುಗಳನ್ನು ವಿದ್ವಾಂಸ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಪುಸ್ತಕಕ್ಕೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ವೇದಿಕೆ, ಟಿಕೆಟ್ಟು, ಸಂಭಾವನೆ ಯಾವುದನ್ನೂ ನೆಚ್ಚಿಕೊಳ್ಳದೆ ಜೀವಮಾನವಿಡೀ ಹಾಡು ಹಂಚುವುದು ಹೇಗೆ ಎಂಬುದನ್ನು ತಿಳಿಯಲು ಅವರು ಬೆಳೆದ ನೆಲವನ್ನೂ ಹಾಡಿಕೆಯ ಕ್ರಮವನ್ನೂ ನೋಡಬೇಕು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಪ್ರದೇಶಗಳು. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಕುರಿ, ದನಗಳೇ ಹಳೆಯ ಆಸ್ತಿ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಸುತ್ತ ಹಬ್ಬಿದ ಹುಲ್ಲುಗಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದು ಮೀಸಲಾಗಿದ್ದ ಕಾವಲುಗಳು. ಕಾಡುಗೊಲ್ಲರು, ಮ್ಯಾಸಬೇಡರು ಇಲ್ಲಿನ ಪಶುಪಾಲಕ ಸಮುದಾಯಗಳು. ಊರಿನಿಂದ ತುಸು ದೂರದಲ್ಲಿ ಮುಳ್ಳುಬೇಲಿಯೊಳಗೆ ಕಟ್ಟಿಕೊಂಡ ಹಟ್ಟಿಯೇ ಕಾಡುಗೊಲ್ಲರ ನೆಲೆ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಅವರ ದೈವಗಳು. ದನ ಕಾಯ್ದ ವೀರರೇ ದೈವವಾದ ಈ ಲೋಕದಲ್ಲಿ ದೇವರ ಕತೆಯೆಂದರೆ ದನಗಳ ಕತೆ, ಹುಲ್ಲು ನೀರು ಅರಸಿ ಹೊರಟ ವಲಸೆಯ ಕತೆ. ಅದನ್ನು ಬರೆದಿಟ್ಟವರಿಲ್ಲ, ಹಾಡಿ ಉಳಿಸಿಕೊಂಡವರಿದ್ದಾರೆ.

ಹಟ್ಟಿಯ ಹೆಂಗಸರಿಗೆ ಹಾಡಲು ಬೇರೆ ಹೊತ್ತು ಬೇಕಾಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ಕಳೆ ಕೀಳುವಾಗ, ಮದುವೆಯ ಚಪ್ಪರದಲ್ಲಿ, ಒಸಗೆಯಲ್ಲಿ, ತೊಟ್ಟಿಲ ಮುಂದೆ, ದೇವರ ಹಬ್ಬದಲ್ಲಿ ಹೀಗೆ ಒಂದೊಂದು ಸಂದರ್ಭಕ್ಕೆ ಒಂದೊಂದು ಬಗೆಯ ಪದಗಳಿದ್ದವು. ಶಾಸ್ತ್ರ ನಡೆಯಬೇಕಾದರೆ ಪದ ಬೇಕು. ಪದ ಗೊತ್ತಿರುವ ಅಜ್ಜಿಗೆ ಹೇಳಿಕಳುಹಿಸದೆ ಹಸೆಗೆ ಕೂರಿಸುವಂತಿರಲಿಲ್ಲ. ಹೆಚ್ಚು ಪದ ಬಲ್ಲವಳಿಗೆ ಹೆಚ್ಚು ಕರೆ, ಹೆಚ್ಚು ಕರೆ ಬಂದಷ್ಟೂ ಹೊಸ ಪದ ಕಲಿಯುವ ಅವಕಾಶ. ಸಿರಿಯಜ್ಜಿಯಂಥವರ ಭಂಡಾರ ತುಂಬುತ್ತಿದ್ದುದು ಈ ದಾರಿಯಲ್ಲಿ.

ಸೋಬಾನೆ ಹಾಡಿಕೆಯ ಕ್ರಮವನ್ನು ಹತ್ತಿರದಿಂದ ಗಮನಿಸಿದರೆ ಕೇಳುಗರ ಪಾತ್ರ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾಳೆ. ಜೊತೆಗೆ ಕೂತ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಇದನ್ನೇ ಸೊಲ್ಲು ಎತ್ತಿಕೊಳ್ಳುವುದು ಎನ್ನುತ್ತಾರೆ. ಅವರು ಹಾಡಿ ಮುಗಿಸುವಷ್ಟರಲ್ಲಿ ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲೂ ನೆನಪಿಗೆ ಬರುತ್ತದೆ. ಎತ್ತಿಕೊಂಡವರಿಗೆ ಅದೇ ಪಾಠ. ನಾಲ್ಕಾರು ಮದುವೆಗಳಲ್ಲಿ ಸೊಲ್ಲು ಹಾಕಿದ ಹುಡುಗಿಗೆ ಪದ ತಾನಾಗಿ ಬಾಯಿಗೆ ಬಂದಿರುತ್ತದೆ. ಮುಂದೊಂದು ದಿನ ಅವಳೇ ಮುಂದಾಳು. ಹಾಡುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಎಂಬ ಗೆರೆ ಇಲ್ಲಿಲ್ಲ. ಕೇಳಲು ಬಂದವರೆಲ್ಲ ಅರ್ಧ ಹಾಡುಗಾರರು.

ಹೆಣ್ಣುಮಕ್ಕಳ ಬೀಸುವ ಪದಗಳ ಮುಖ್ಯ ಮಟ್ಟು ತ್ರಿಪದಿ. ಬರಹದಲ್ಲಿ ಅದು ಮೂರೇ ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ನಾಲ್ಕು ಸಾಲಿನಂತೆ ಕೇಳಿಸುತ್ತದೆ. ರಾಗಿಕಲ್ಲಿನ ಸುತ್ತಿಗೆ ಇದು ಸರಿಯಾಗಿ ಹೊಂದುತ್ತದೆ. ಎದುರುಬದುರು ಕೂತ ಇಬ್ಬರು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುವಾಗ ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಒಂದೊಂದು ತ್ರಿಪದಿಯೂ ತನ್ನಷ್ಟಕ್ಕೆ ಪೂರ್ತಿಯಾದ್ದರಿಂದ ತವರಿನ ನೆನಪು, ಅಣ್ಣನ ಹಾರೈಕೆ, ಅತ್ತೆಯ ಮನೆಯ ಕಷ್ಟ ಯಾವುದನ್ನು ಬೇಕಾದರೂ ಆ ಗಳಿಗೆಗೆ ತಕ್ಕಂತೆ ಪೋಣಿಸಬಹುದು.

ಗಂಡಸರ ಕಡೆಯ ದೊಡ್ಡ ಪರಂಪರೆ ಜುಂಜಪ್ಪನ ಕಾವ್ಯ. ಇದನ್ನು ಹಾಡುವವರ ವಾದ್ಯ ಗಣೆ, ಅಂದರೆ ಉದ್ದನೆಯ ಬಿದಿರ ಕೊಳಲು. ಜುಂಜಪ್ಪ ದನ ಕಾಯುತ್ತ ಇದನ್ನೇ ಊದುತ್ತಿದ್ದನೆಂಬುದು ನಂಬಿಕೆ. ಹಾಗಾಗಿ ಗಣೆಗೆ ಪೂಜೆಯ ಸ್ಥಾನವಿದೆ. ಗಾಯಕ ಕತೆಯ ಒಂದು ತುಣುಕು ಹಾಡಿ ಗಣೆ ಊದುತ್ತಾನೆ, ಊದಿ ಮತ್ತೆ ಕತೆ ಹಿಡಿಯುತ್ತಾನೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಈ ಪರಂಪರೆಯ ಮುಖ್ಯ ಕ್ಷೇತ್ರ. ಕಾಡುಗೊಲ್ಲರ ಸಂಪ್ರದಾಯಗಳನ್ನು ವಿದ್ವತ್ತಿನ ಲೋಕಕ್ಕೆ ಮೊದಲು ವಿವರವಾಗಿ ಪರಿಚಯಿಸಿದವರಲ್ಲಿ ತೀ.ನಂ. ಶಂಕರನಾರಾಯಣ ಪ್ರಮುಖರು.

ಸಿರಿಯಜ್ಜಿಯ ಹಾಡು ಹಟ್ಟಿಯ ಹಾಡು. ಅದೇ ಒಣಸೀಮೆಯಲ್ಲಿ ಹಾಡನ್ನೇ ಕಸುಬು ಮಾಡಿಕೊಂಡು ಊರೂರು ಅಲೆದವರೂ ಇದ್ದಾರೆ. ಮೊಳಕಾಲ್ಮೂರು ದಾಟಿ ಉತ್ತರಕ್ಕೆ ಹೋದರೆ ಸಿಗುವ ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ ಬುರ್ರಕಥೆ ಈರಮ್ಮ ಇದ್ದರು. 1930ರಲ್ಲಿ ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿದ ಅವರು ತಂದೆಯಿಂದ ಕತೆ ಕಲಿತರು. ಅವರಿಗೂ ಓದು ಬರಹ ಗೊತ್ತಿರಲಿಲ್ಲ. ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನೆನಪಿನಲ್ಲಿದ್ದವು. ಅವೆಲ್ಲ ಅಚ್ಚಾದರೆ ಸುಮಾರು 7,000 ಪುಟಗಳಾಗುತ್ತವೆಂಬುದು ಅಂದಾಜು.

ಬುರ್ರಕಥೆಯಲ್ಲಿ ಮುಖ್ಯ ಕತೆಗಾರ ತಂಬೂರಿ ಹಿಡಿದು ಕತೆ ನಡೆಸುತ್ತಾನೆ. ಅಕ್ಕಪಕ್ಕದ ಇಬ್ಬರು ಚರ್ಮವಾದ್ಯ ನುಡಿಸುತ್ತ ಹೂಂಗುಟ್ಟುತ್ತಾರೆ, ಪ್ರಶ್ನೆ ಹಾಕುತ್ತಾರೆ, ಪಲ್ಲವಿ ಎತ್ತಿಕೊಳ್ಳುತ್ತಾರೆ. ಈರಮ್ಮನ ಮೇಳದಲ್ಲಿ ಈ ಜೊತೆಗಾರಿಕೆ ಮನೆಯ ಹೆಂಗಸರದೇ. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮರಂಥ ಕತೆಗಳನ್ನು ಅವರು ಊರವರು ಬಯಸಿದಷ್ಟು ಹೊತ್ತು ಹಿಗ್ಗಿಸಬಲ್ಲವರಾಗಿದ್ದರು. ಕುಮಾರರಾಮ ಹದಿನಾಲ್ಕನೆಯ ಶತಮಾನದ ಕಂಪಿಲಿಯ ರಾಜಕುಮಾರ, ಆ ಭಾಗದ ಜನಕ್ಕೆ ತಮ್ಮ ಊರಿನ ವೀರ. ಹಾಗಾಗಿ ಕತೆ ಗೊತ್ತಿದ್ದೂ ಜನ ಮತ್ತೆ ಕೂತು ಕೇಳುತ್ತಿದ್ದರು. ಈರಮ್ಮ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದರು, ನಾಡೋಜರೂ ಆದರು. 2014ರ ಆಗಸ್ಟ್ 12ರಂದು ತೀರಿಕೊಂಡರು.

ಇಷ್ಟೊಂದು ಪದ ಒಬ್ಬರ ತಲೆಯಲ್ಲಿ ನಿಲ್ಲುವುದು ಹೇಗೆ? ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೋಸ್ಲಾವಿಯದ ಹಳ್ಳಿ ಗಾಯಕರನ್ನು ಧ್ವನಿಮುದ್ರಿಸಿಕೊಂಡು ಇದೇ ಪ್ರಶ್ನೆಯ ಬೆನ್ನು ಹತ್ತಿದರು. ಅಲ್ಲಿನ ಅವ್ದೊ ಮೆಜೆದೊವಿಚ್ ಎಂಬ ಅನಕ್ಷರಸ್ಥ ಗಾಯಕ 12,000 ಸಾಲುಗಳಿಗೂ ಮಿಕ್ಕಿದ ಕಾವ್ಯವೊಂದನ್ನು ಹೇಳಿ ಬರೆಯಿಸಿದ್ದ. ಇಂಥ ಗಾಯಕರು ಸಾಲು ಸಾಲಾಗಿ ಉರು ಹೊಡೆದಿರುವುದಿಲ್ಲ ಎಂಬುದು ಪ್ಯಾರಿ, ಲಾರ್ಡ್ ಕಂಡ ಸತ್ಯ. ಸಿದ್ಧ ನುಡಿಗಟ್ಟುಗಳು, ಕತೆಯ ಎಲುಬುಗೂಡು, ಮಟ್ಟಿನ ಹಿಡಿತ ಇವಿಷ್ಟು ಗಾಯಕರಲ್ಲಿರುತ್ತವೆ. ಉಳಿದದ್ದು ಎದುರಿಗೆ ಕೂತವರ ಮುಖ ನೋಡುತ್ತ ಹುಟ್ಟುತ್ತದೆ. ಕುದುರೆ ಏರುವ ವೀರ, ನೀರಿಗೆ ಹೋಗುವ ಹೆಣ್ಣು, ಬೆಳಗಾಗುವ ಹೊತ್ತು ಇವುಗಳ ವರ್ಣನೆ ಒಂದು ಕತೆಯಿಂದ ಇನ್ನೊಂದಕ್ಕೆ ಹಾಗೇ ಹೋಗುತ್ತದೆ. ಕೇಳುಗರು ಆಕಳಿಸಿದರೆ ವರ್ಣನೆ ಮೊಟಕಾಗುತ್ತದೆ, ಕಿವಿಗೊಟ್ಟರೆ ಬೆಳೆಯುತ್ತದೆ.

ಆದ್ದರಿಂದಲೇ ಕೇಳುವವರು ಕಡಿಮೆಯಾದಂತೆ ಹಾಡು ಕುಗ್ಗುತ್ತದೆ. ಹಿಟ್ಟಿನ ಗಿರಣಿ ಬಂದು ರಾಗಿಕಲ್ಲು ಮೂಲೆ ಸೇರಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿದ್ದು ಒಳ್ಳೆಯದೇ, ಆದರೆ ಬೀಸುವ ಪದಕ್ಕೆ ಜಾಗ ಹೋಯಿತು. ಮದುವೆಗಳು ಕಲ್ಯಾಣಮಂಟಪಕ್ಕೆ ಸರಿದು ಸೋಬಾನೆಯ ಹೊತ್ತನ್ನು ಧ್ವನಿವರ್ಧಕ ತುಂಬಿತು. ಇದಕ್ಕೆ ಎದುರಾಗಿ ನಡೆದ ಕೆಲಸವೂ ಸಣ್ಣದಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆರಂಭವಾಯಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ತಲೆಯೆತ್ತಿತು. ನೂರಾರು ಗಾಯಕರ ಪದಗಳು ಕಾಗದಕ್ಕೆ, ಧ್ವನಿಸುರುಳಿಗೆ ಬಂದಿವೆ.

ಹಾಗೆ ಬಂದದ್ದು ಪಠ್ಯವಷ್ಟೇ. ಎತ್ತಿಕೊಳ್ಳುವ ಬಾಯಿಗಳು ಅದರಲ್ಲಿಲ್ಲ. ದೊಡ್ಡಉಳ್ಳಾರ್ತಿಯ ಸುತ್ತಿನ ಹಟ್ಟಿಗಳಲ್ಲಾಗಲಿ, ಬೇರೆ ಯಾವ ಊರಲ್ಲಾಗಲಿ, ಪದ ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಯಾರು ಹಾಡಿದ್ದು, ಯಾವ ಊರು, ಯಾವ ಶಾಸ್ತ್ರದ ಪದ ಎಂಬುದನ್ನು ಅದರ ಜೊತೆಗೇ ಬರೆದಿಡಬೇಕು. ಅದಾದ ಮೇಲೆ ಮೊಬೈಲನ್ನು ಪಕ್ಕಕ್ಕಿಟ್ಟು, ಅಜ್ಜಿ ಹೇಳಿದ ಒಂದು ಸಾಲನ್ನಾದರೂ ತಿರುಗಿ ಹಾಡಬೇಕು. ಎರಡನೆಯ ಸಾಲು ಆಗಲೇ ಬರುತ್ತದೆ.