ಹಿತ್ತಲ ಕಸಕ್ಕೊಂದು ಊರ ಯಂತ್ರ

ಇಂದೋರಿನ ಬಂಡಿ ದಾರಿ, ಬೆಳಗಾವಿಯ ಮೇವಿನ ಕತ್ತರಿ, ಬೆಂಗಳೂರಿನ ಎಲೆಗೊಬ್ಬರದ ತೊಟ್ಟಿ. ಬಸವನ ಬಾಗೇವಾಡಿಯ ಮನೆಗೆ ಬೇಕಾದ ಅಗ್ಗದ ಯಂತ್ರ ಈ ಮೂರೂ ಊರುಗಳಿಂದ ಪಾಠ ಕಲಿತು ರೂಪುಗೊಳ್ಳಬೇಕಿದೆ.

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ ಬಸವನ ಬಾಗೇವಾಡಿ ಸೀಮೆಯ ಬೇವಿನ ಮರಗಳು ಹಳೆಯ ಎಲೆ ಉದುರಿಸಿ ಚಿಗುರಿಗೆ ಅಣಿಯಾಗುತ್ತವೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಳದಿ. ಹೊಲಗಳಲ್ಲಿ ಆಗಲೇ ತೊಗರಿ ರಾಶಿ ಮುಗಿದಿರುತ್ತದೆ, ಹತ್ತಿ ಬಿಡಿಸಿ ಆಗಿರುತ್ತದೆ, ಕಟಗಿ ಮಾತ್ರ ಉಳಿದಿರುತ್ತದೆ. ಇಂಡಿಯ ಲಿಂಬೆ ತೋಟಗಳಲ್ಲಿ ಸವರಿದ ಮುಳ್ಳುಕಡ್ಡಿ ಬದುವಿನ ಮೇಲೆ ಒಣಗುತ್ತಿರುತ್ತದೆ. ಸಂಜೆ ಓಣಿಯ ತುದಿಯಲ್ಲಿ ಯಾರೋ ಬೆಂಕಿಕಡ್ಡಿ ಗೀರುತ್ತಾರೆ. ಆ ಹೊಗೆ ಮಕ್ಕಳ, ಮುದುಕರ ಎದೆಗಿಳಿಯುತ್ತದೆ. ಸಾವಯವ ಅಂಶಕ್ಕಾಗಿ ಹಸಿದಿರುವ ನಮ್ಮ ಎರೆ ಮಣ್ಣಿಗೆ ಸಲ್ಲಬೇಕಾದದ್ದು ಗಾಳಿಗೆ ಹೋಗುತ್ತದೆ.

ಬೆಂಕಿ ಹಚ್ಚುವವರನ್ನು ಬೈದು ಫಲವಿಲ್ಲ. ಮಲೆನಾಡಿನಲ್ಲಿ ಬಿದ್ದ ಎಲೆ ಮಳೆಗೆ ತೊಯ್ದು ತಾನಾಗಿ ಕೊಳೆಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ ಇಡೀ ಎಲೆ, ಇಡೀ ಕಡ್ಡಿ ತಿಂಗಳುಗಟ್ಟಲೆ ಇದ್ದ ಹಾಗೆಯೇ ಇರುತ್ತದೆ. ಹಾಕಿದ ನೀರು ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ, ಗುಡ್ಡೆ ಹಾಕಿದರೆ ಒಳಗೆಲ್ಲ ಗಾಳಿ ತುಂಬಿ ಇನ್ನಷ್ಟು ಒಣಗುತ್ತದೆ. ಅದನ್ನು ಸಣ್ಣಗೆ ಮಾಡಿದರೆ ತೇವ ಹಿಡಿಯುತ್ತದೆ, ಸೂಕ್ಷ್ಮಜೀವಿಗಳಿಗೆ ಬಾಯಿ ಹಾಕಲು ಜಾಗ ಸಿಗುತ್ತದೆ, ದೊಡ್ಡ ಗುಡ್ಡೆ ಒಂದು ಚೀಲಕ್ಕೆ ಇಳಿಯುತ್ತದೆ. ಆದ್ದರಿಂದ ಮಳೆ ಕಡಿಮೆಯಿರುವ ಈ ಸೀಮೆಗೆ ಕಸ ಸಣ್ಣಗೆ ಮಾಡುವ ಯಂತ್ರ ಬೇರೆಲ್ಲ ಸೀಮೆಗಳಿಗಿಂತ ಹೆಚ್ಚು ಬೇಕು.

ಬಂಡಿ ಗಾಲಿ ಮಾಡಿದ ಕೆಲಸ

ಯಂತ್ರವಿಲ್ಲದ ಕಾಲದಲ್ಲಿ ಈ ಕೆಲಸವನ್ನು ಎತ್ತಿನ ಬಂಡಿಗಳು ಮಾಡಿವೆ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನ ಸಂಶೋಧನಾ ಸಂಸ್ಥೆಯಲ್ಲಿದ್ದು ಗೊಬ್ಬರ ಮಾಡುವ ಒಂದು ಕ್ರಮವನ್ನು ರೂಪಿಸಿದರು. ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ 1931ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಜಗತ್ತಿನ ಸಾವಯವ ಕೃಷಿಕರೆಲ್ಲ ಬಲ್ಲ ‘ಇಂದೋರ್ ಪದ್ಧತಿ’ ಅದೇ.

ಹೋವರ್ಡ್ ಅವರಿಗೆ ಎದುರಾದ ತೊಡಕು ನಮ್ಮದೇ ತೊಡಕು: ಹತ್ತಿ ಕಟಗಿ, ತೊಗರಿ ಕಟಗಿ. ಗುಂಡಿಗೆ ಹಾಗೆಯೇ ಹಾಕಿದರೆ ಅವು ಕೊಳೆಯುತ್ತಿರಲಿಲ್ಲ. ಬಂಡಿಗಳು ಓಡಾಡುವ ಹೊಲದ ದಾರಿಯ ಮೇಲೆ ಅವನ್ನು ಹರಡಿಸಿದರು. ಗಾಲಿಯ ಅಡಿ, ಗೊರಸಿನ ಅಡಿ ಸಿಕ್ಕು ಕಟಗಿ ಸೀಳಿ ನುರಿಯಿತು. ನುರಿದದ್ದನ್ನು ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ಮೇಲೆ ಗುಂಡಿಗೆ ಸೇರಿಸಿದರು. ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧವಾಯಿತು.

ಯಂತ್ರ ಮಾಡುವವರಿಗೆ ಇಲ್ಲಿ ಮೊದಲ ಪಾಠವಿದೆ. ಕಟಗಿಯನ್ನು ನೀಟಾಗಿ ತುಂಡರಿಸಿದರೆ ಸಾಲದು, ಅದು ಸೀಳಬೇಕು. ತೊಗಟೆ ಒಡೆದು ನಾರು ಬಿಚ್ಚಿಕೊಂಡಾಗಲೇ ನೀರು ಒಳಗಿಳಿಯುತ್ತದೆ.

ಬೆಳಗಾವಿಯ ಚಕ್ರ

ಕತ್ತರಿಸುವ ಚಕ್ರ ನಮ್ಮ ನೆಲದಲ್ಲಿ ತಯಾರಾದ ಕಥೆ ಬೆಳಗಾವಿಯಲ್ಲಿ ಶುರುವಾಗುತ್ತದೆ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು. ಬಣ್ಣಗಳನ್ನು ಗುರುತಿಸುವಲ್ಲಿ ಕಣ್ಣಿನ ತೊಂದರೆ ಅಡ್ಡ ಬಂತು. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು. ಬಳಿಕ ಬೆಳಗಾವಿಗೆ ಮರಳಿ 1888ರಲ್ಲಿ ತೆರೆದ ಸೈಕಲ್ ಅಂಗಡಿಯನ್ನು ಬೆಳೆಸಿ ಕಾರ್ಖಾನೆ ಕಟ್ಟಿದರು. ಅಲ್ಲಿ ಅವರು ಮೊದಮೊದಲು ತಯಾರಿಸಿದ ವಸ್ತುಗಳಲ್ಲಿ ಒಂದು ಮೇವು ಕತ್ತರಿಸುವ ಯಂತ್ರ, ಇನ್ನೊಂದು ಕಬ್ಬಿಣದ ನೇಗಿಲು.

ಕಬ್ಬಿಣ ತಾಗಿದರೆ ಭೂಮಿಗೆ ವಿಷ ಎಂದು ರೈತರು ನೇಗಿಲನ್ನು ದೂರವಿಟ್ಟರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಾರ್ಖಾನೆ 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಅದೇ ಮನೆತನ 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟರ್ ತಯಾರಿಸುವ ಕಂಪನಿ ಆರಂಭಿಸಿತು. ನಮಗೆ ಇಂದು ಬೇಕಿರುವ ಯಂತ್ರದ ಎರಡು ಮುಖ್ಯ ಅಂಗಗಳಾದ ಕತ್ತರಿ ಮತ್ತು ಮೋಟರ್ ಎರಡೂ ಹೀಗೆ ಕನ್ನಡ ನಾಡಿನ ಕಾರ್ಖಾನೆಗಳಲ್ಲಿ ತಯಾರಾದವು.

ಮೇವು ಕತ್ತರಿಸುವ ಯಂತ್ರ ಇವತ್ತು ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಗೆ ಹೊಸದಲ್ಲ. ಭಾರದ ಚಕ್ರ, ಅದಕ್ಕೆ ಬಿಗಿದ ಎರಡು ಬಾಗು ಅಲಗು, ಕಣಕಿಯನ್ನು ಒಳಗೆಳೆಯುವ ಹಲ್ಲಿನ ರೋಲರು. ಹಸಿ ಜೋಳದ ದಂಟಿಗೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಹಿತ್ತಲ ಕಸ ಮಾತ್ರ ಅದಕ್ಕೆ ಒಗ್ಗುವುದಿಲ್ಲ. ಒಣ ಬೇವಿನೆಲೆಯನ್ನು ರೋಲರು ಹಿಡಿಯುವುದೇ ಇಲ್ಲ, ಲಿಂಬೆಯ ಕವಲುಕಡ್ಡಿ ಬಾಯಲ್ಲೇ ಅಡ್ಡ ನಿಲ್ಲುತ್ತದೆ. ಅದನ್ನು ಕೈಯಿಂದ ತಳ್ಳಲು ಹೋದಾಗ ಅಪಾಯ ಎದುರಾಗುತ್ತದೆ.

ಕೈ ಉಳಿದರೆ ಯಂತ್ರ

ಹಸಿರು ಕ್ರಾಂತಿಯ ವರ್ಷಗಳಲ್ಲಿ ಒಕ್ಕಣೆ ಯಂತ್ರಗಳು ಕೈ ತಿಂದ ಘಟನೆಗಳು ಎಷ್ಟು ಹೆಚ್ಚಿದವೆಂದರೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು. ದೆಹಲಿ ಐಐಟಿಯ ಪ್ರಾಧ್ಯಾಪಕ ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು ಹರಿಯಾಣದ ಹಳ್ಳಿಗಳಲ್ಲಿ ಮೇವಿನ ಯಂತ್ರದಿಂದಾಗುವ ಗಾಯಗಳನ್ನು ಅಭ್ಯಾಸ ಮಾಡಿದರು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ಅವರು ಸೂಚಿಸಿದ ಉಪಾಯಗಳು ಸರಳ, ಖರ್ಚೂ ಕಡಿಮೆ: ಅಲಗಿಗೆ ಮತ್ತು ಹಲ್ಲುಗಾಲಿಗಳಿಗೆ ಮುಚ್ಚಳ, ಕೈ ಒಳಗೆ ಹೋಗುವ ಮೊದಲೇ ಎಚ್ಚರಿಸುವ ಒಂದು ರೋಲರು, ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಹಾಕುವ ಕೀಲು.

ಮನೆಯ ಯಂತ್ರಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಿತ್ತಲ ಕಸ ಗುಡಿಸುವವರು, ಎತ್ತಿ ಹಾಕುವವರು ಬಹುಪಾಲು ಹೆಣ್ಣುಮಕ್ಕಳು. ಸೀರೆಯ ಸೆರಗು, ಬಳೆ, ಜಡೆ ಇವನ್ನು ನೆನಪಿನಲ್ಲಿಟ್ಟುಕೊಂಡೇ ನಕ್ಷೆ ಬರೆಯಬೇಕು. ಕಸ ಹಾಕುವ ಬಾಯಿ, ಪೂರ್ತಿ ಚಾಚಿದ ತೋಳೂ ಅಲಗನ್ನು ಮುಟ್ಟಲಾಗದಷ್ಟು ಉದ್ದವಿರಬೇಕು. ತಳ್ಳಲು ಕಟ್ಟಿಗೆಯ ದಾಂಡು ಯಂತ್ರದ ಜೊತೆಗೇ ಬರಬೇಕು. ಬೆಲ್ಟು ಹೊರಗೆ ಕಾಣಬಾರದು. ಮುಚ್ಚಳ ತೆರೆದರೆ ವಿದ್ಯುತ್ ತಾನೇ ಕಡಿಯಬೇಕು. ಸ್ವಿಚ್ ತೆಗೆದ ಮೇಲೂ ಚಕ್ರ ಕೆಲ ಹೊತ್ತು ತಿರುಗುತ್ತಲೇ ಇರುತ್ತದೆ, ಆದ್ದರಿಂದ ಅದು ಪೂರ್ತಿ ನಿಲ್ಲುವತನಕ ಮುಚ್ಚಳದ ಬೋಲ್ಟು ಬಿಚ್ಚಬಾರದು. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗದಂಥ ಸ್ವಿಚ್ಚನ್ನೇ ಹಾಕಬೇಕು. ಬೆಲೆ ಇಳಿಸಲು ಇವುಗಳಲ್ಲಿ ಒಂದನ್ನೂ ಕೈಬಿಡುವಂತಿಲ್ಲ.

ಬೆಂಗಳೂರು ಕಲಿಸಿದ್ದು

ಪೂನಂ ಬೀರ್ ಕಸ್ತೂರಿ 2006ರಲ್ಲಿ ಬೆಂಗಳೂರಿನಲ್ಲಿ ‘ಡೈಲಿ ಡಂಪ್’ ಆರಂಭಿಸಿ, ಮನೆಯಲ್ಲೇ ಗೊಬ್ಬರ ಮಾಡಲು ಕುಂಬಾರರ ಕೈಯಿಂದ ಮಣ್ಣಿನ ಮಡಕೆಗಳನ್ನು ಮಾಡಿಸಿದರು. ವಿನ್ಯಾಸವನ್ನು ಗುಟ್ಟಾಗಿಡದೆ ಬೇರೆ ಊರಿನವರೂ ಮಾಡಿಕೊಳ್ಳುವಂತೆ ತೆರೆದಿಟ್ಟರು. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಸಾಗಿಸುವುದು ನಿಂತು ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದಾಗ, ಮನೆಗೊಬ್ಬರ ಕೆಲವರ ಹವ್ಯಾಸವಾಗಿ ಉಳಿಯಲಿಲ್ಲ. ಎಚ್‌ಎಸ್‌ಆರ್ ಬಡಾವಣೆ, ಕೋರಮಂಗಲದಂಥ ಕಡೆ ನಿವಾಸಿಗಳೇ ನಿಂತು ಎಲೆಗೊಬ್ಬರದ ತೊಟ್ಟಿ ಕಟ್ಟಿಸಿದರು. ಅಪಾರ್ಟ್‌ಮೆಂಟುಗಳು ಎಲೆ ಪುಡಿ ಮಾಡುವ ಯಂತ್ರ ಕೊಂಡವು. ತೋಟದ ಕಸವನ್ನು ಬೇರೆಯಾಗಿಯೇ ಇಡಬೇಕು, ಬೀದಿಯಲ್ಲಿ ಸುಡಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದೇಶಕ್ಕೆಲ್ಲ ಹೇಳಿದವು.

ನೂರಾರು ಮನೆಗಳು ಹಣ ಕೂಡಿಸಿ ಕೊಳ್ಳುವ ಯಂತ್ರ ಬಾಗೇವಾಡಿಯ ಒಂದು ಮನೆಗೆ ದುಬಾರಿ. ಆದರೆ ಮಡಕೆಯ ಆ ದಾರಿ ನಮ್ಮದಾಗಬಹುದು. ವಿನ್ಯಾಸ ಎಲ್ಲರಿಗೂ ತೆರೆದಿರಲಿ, ಮಾಡುವ ಕೈ ಊರಿನದಾಗಿರಲಿ.

ಏನನ್ನು ಹಾಕಬಾರದು?

ಅಗ್ಗದ ಯಂತ್ರದ ಗುಟ್ಟು ಈ ಪ್ರಶ್ನೆಯಲ್ಲಿದೆ. ಯುರೋಪಿನ ಮನೆತೋಟಕ್ಕೆಂದು ಮಾಡುವ ಯಂತ್ರಗಳು 4 ಸೆಂಟಿಮೀಟರ್ ದಪ್ಪದ ಕೊಂಬೆಯನ್ನೂ ಅರೆಯಬೇಕು. ಕೊಂಬೆಯ ದಪ್ಪ ಎರಡು ಪಟ್ಟಾದರೆ ಕತ್ತರಿಸಬೇಕಾದ ಅಡ್ಡಕೊಯ್ತ ನಾಲ್ಕು ಪಟ್ಟಾಗುತ್ತದೆ. 1 ಸೆಂಟಿಮೀಟರ್ ಕಡ್ಡಿಗೂ 4 ಸೆಂಟಿಮೀಟರ್ ಕೊಂಬೆಗೂ ಇರುವ ಅಂತರ ಹದಿನಾರು ಪಟ್ಟು. ಗಟ್ಟಿ ಗೇರು, ಹದ ಹಾಕಿದ ಉಕ್ಕು, ದೊಡ್ಡ ಮೋಟರ್ ಎಲ್ಲವೂ ಆ ದಪ್ಪ ಕೊಂಬೆಗಾಗಿಯೇ, ಬೆಲೆ ಏರುವುದೂ ಅದರಿಂದಲೇ.

ನಮ್ಮಲ್ಲಿ ದಪ್ಪ ಕಟ್ಟಿಗೆ ಕಸವಾಗುವುದೇ ಅಪರೂಪ. ಹೆಬ್ಬೆರಳಿಗಿಂತ ದಪ್ಪವಿದ್ದದ್ದು ನೀರು ಕಾಯಿಸುವ ಹಂಡೆಯ ಒಲೆಗೆ, ಬೇಲಿಗೆ, ಚಪ್ಪರಕ್ಕೆ ಸಲ್ಲುತ್ತದೆ. ತೊಗರಿ ಕಟಗಿಯ ಬುಡ ಒಲೆಗೆ ಹೋದರೆ ತುದಿಯ ಸಣ್ಣ ಕವಲು ಉಳಿಯುತ್ತದೆ. ಹಾಗೆ ನೋಡಿದರೆ ಯಂತ್ರಕ್ಕೆ ಬೀಳಬೇಕಾದದ್ದು ಬೇವು, ಹುಣಸೆ, ಮಾವಿನ ಒಣ ಎಲೆ, ಕಿರುಬೆರಳ ದಪ್ಪದ ಕಡ್ಡಿ, ಲಿಂಬೆಯ ಮುಳ್ಳುಗವಲು, ನುಗ್ಗೆ, ದಾಸವಾಳದ ಸವರು. ಬಾಳೆಯ ನಾರು, ತೆಂಗಿನ ಗರಿ ದಂಡಕ್ಕೆ ಸುತ್ತಿಕೊಳ್ಳುತ್ತವೆ, ಅವನ್ನು ಕುಡಗೋಲಿನಿಂದ ತುಂಡರಿಸಿ ಬೇರೆ ಹಾಕುವುದೇ ಸರಿ. ಇಷ್ಟನ್ನು ಗಟ್ಟಿಯಾಗಿ ಒಪ್ಪಿಕೊಂಡ ದಿನವೇ ಯಂತ್ರದ ಬೆಲೆ ಅರ್ಧ ಇಳಿದ ಹಾಗೆ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ

ಉಳಿದದ್ದು ಊರಲ್ಲೇ ಆಗುವ ಕೆಲಸ. ತಗಡಿನ ಡಬ್ಬಿಯೊಳಗೆ ಒಂದು ದಂಡ, ಅದಕ್ಕೆ ತೂಗುಬಿಟ್ಟ ಚಪ್ಪಟೆ ಸುತ್ತಿಗೆಗಳು, ಕೆಳಗೆ ಎರಡು ಸೆಂಟಿಮೀಟರ್ ತೂತಿನ ಜರಡಿ. ಹಿಟ್ಟಿನ ಗಿರಣಿಯವರೂ ಪಶು ಆಹಾರ ಮಾಡುವವರೂ ಬಲ್ಲ ರಚನೆಯಿದು. ಸುತ್ತಿಗೆ ಬಡಿದಾಗ ಒಣ ಎಲೆ ಪುಡಿಯಾಗುತ್ತದೆ, ಕಡ್ಡಿ ಸೀಳುತ್ತದೆ. ಇಂದೋರಿನ ಬಂಡಿ ಗಾಲಿ ಮಾಡಿದ್ದೂ ಇದನ್ನೇ. ಕಡ್ಡಿಯನ್ನು ಮೊದಲು ತುಂಡರಿಸಲು ಅದೇ ದಂಡದ ತುದಿಗೆ ಮೇವಿನ ಯಂತ್ರದಂತೆ ಎರಡು ಅಲಗು. ಅಲಗಿಗೆ ಹಳೆಯ ಲಾರಿಯ ಕಮಾನು ಪಟ್ಟಿಯ ಉಕ್ಕು ಸಾಕು, ಅದನ್ನು ಕಾಯಿಸಿ ಹದ ಮಾಡುವುದು ನಮ್ಮ ಕಮ್ಮಾರರಿಗೆ ಗೊತ್ತು. ಸುತ್ತಿಗೆಯ ಎರಡೂ ತುದಿಗೆ ತೂತು ಕೊರೆದರೆ ಒಂದು ಅಂಚು ಸವೆದಾಗ ತಿರುಗಿಸಿ ಹಾಕಬಹುದು.

ವೇಗದ ಲೆಕ್ಕ ತಪ್ಪಬಾರದು. 25 ಸೆಂಟಿಮೀಟರ್ ಅಡ್ಡಳತೆಯ ಸುತ್ತಿಗೆಚಕ್ರ ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 136 ಕಿಲೋಮೀಟರ್. ಕಲ್ಲು ಸಿಕ್ಕರೆ ಅದು ಗುಂಡಿನಂತೆ ಹಾರುತ್ತದೆ. ಆದ್ದರಿಂದ ತಗಡು ದಪ್ಪವಿರಬೇಕು, ಬಾಯಿಗೆ ರಬ್ಬರಿನ ಪರದೆ ಇರಬೇಕು, ಅಂಗಳದ ಕಸವನ್ನು ಮೊದಲು ಜಾಡಿಸಿ ಮಣ್ಣು, ಹರಳು ಬೇರೆ ಮಾಡಬೇಕು. ಹಳ್ಳಿಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಂಗಲ್ ಫೇಸ್ ವಿದ್ಯುತ್. ಹಾಗಾಗಿ ಮೋಟರ್ 2 ಎಚ್‌ಪಿ, ಅಂದರೆ 1.5 ಕಿಲೋವಾಟ್ ಮೀರದಿರುವುದು ಒಳ್ಳೆಯದು. ಕಾಲು ಗಂಟೆ ಓಡಿಸಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಬೇರಿಂಗ್, ಬೆಲ್ಟು ಎಲ್ಲವೂ ಪಂಪ್‌ಸೆಟ್ ದುರಸ್ತಿ ಮಾಡುವ ಅಂಗಡಿಯಲ್ಲಿ ಸಿಗುವ ಅಳತೆಯವೇ ಆಗಿರಬೇಕು. ದೂರದ ಊರಿನಿಂದ ಬಿಡಿಭಾಗ ತರಿಸಬೇಕಾದ ಯಂತ್ರ ಮೊದಲು ಎಷ್ಟೇ ಅಗ್ಗವಿದ್ದರೂ ಕೊನೆಗೆ ಮೂಲೆ ಸೇರುತ್ತದೆ.

ಪುಡಿಯಾದದ್ದಕ್ಕೆ ಎರಡು ದಾರಿ. ಲಿಂಬೆ, ಕರಿಬೇವು, ಮಲ್ಲಿಗೆಯ ಬುಡಕ್ಕೆ ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿಸಿಲಿಗೆ ಆರುವ ನೀರು ಮಣ್ಣಲ್ಲೇ ಉಳಿಯುತ್ತದೆ. ಇಲ್ಲವೇ ತಿಪ್ಪೆಗೆ ಹಾಕಬಹುದು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಇಂಗಾಲದ 25–30 ಪಾಲಿಗೆ ಸಾರಜನಕದ ಒಂದು ಪಾಲು ಇದ್ದಾಗ ಗೊಬ್ಬರ ಬೇಗ ಆಗುತ್ತದೆ. ಆ ಸಾರಜನಕವನ್ನು ಸೆಗಣಿ ರಾಡಿ, ಹಸಿ ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ ತುಂಬಿಕೊಡುತ್ತವೆ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇಟ್ಟು, ಆಗಾಗ ತಿರುವಿ ಹಾಕಿದರೆ ಬೇಸಿಗೆಯ ಎಲೆ ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರವಾಗಿರುತ್ತದೆ.

ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಅವನ ಕಾಲದ ಶರಣರಲ್ಲಿ ಅಂಗಳದ ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನಿಗೂ ಗೌರವದ ಸ್ಥಾನವಿತ್ತು. ಆ ಶರಣರ ವಚನಗಳನ್ನು ಊರೂರು ಅಲೆದು ಕೂಡಿಸಿದ ಫ. ಗು. ಹಳಕಟ್ಟಿಯವರ ಹೆಸರಿನಲ್ಲಿ ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಜಿಲ್ಲೆಯಲ್ಲಿ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರಗಳಿವೆ, ಐಟಿಐಗಳಿವೆ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಕಾಲೇಜಿನ ಅಂತಿಮ ವರ್ಷದವರು ನಕ್ಷೆ ಬರೆಯಲಿ, ಊರಿನ ವೆಲ್ಡಿಂಗ್ ಅಂಗಡಿ ಮಾಡಲಿ, ಕೃಷಿ ವಿಜ್ಞಾನ ಕೇಂದ್ರ ಪರೀಕ್ಷಿಸಲಿ. ಕಸ ಗುಡಿಸುವ ಹೆಣ್ಣುಮಗಳು ಅದನ್ನು ಬಳಸಿ ನೋಡಿ ಸರಿ ಎಂದಮೇಲೆ ಆ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಡಲಿ. ಒಂಟಿ ಮನೆಗೆ ಭಾರವೆನಿಸಿದರೆ ಓಣಿಗೊಂದು ಸಾಕು. ಬೇಕಾದ ಕಬ್ಬಿಣ, ಕಸುಬು, ವಿದ್ಯೆ ಎಲ್ಲವೂ ಈ ಜಿಲ್ಲೆಯಲ್ಲೇ ಇವೆ. ಅವನ್ನು ಒಂದೆಡೆ ಕೂಡಿಸುವ ಕೆಲಸ ಮುಂದಿನ ಬೇವಿನೆಲೆ ಉದುರುವ ಮೊದಲೇ ಶುರುವಾಗಬೇಕು.